ಮೋರಿಯಲ್ಲಿ ಇಣುಕಿದವರು

ಮನೆ ಕಟ್ಟಿಸುವಾಗ ತಲೆಬಾಗಿಲಿಗೆ ತೇಗವೋ ಹೊನ್ನೆಯೋ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಬಚ್ಚಲ ಕೊಳವೆ ನೆಲದೊಳಗೆ ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಮಾತ್ರ ಮಣ್ಣು ಮುಚ್ಚಿದ ದಿನವೇ ಮರೆತುಬಿಡುತ್ತೇವೆ. ವಿಷಯವೇನೂ ಸೊಗಸಾದದ್ದಲ್ಲ, ನಿಜ. ಊಟದ ಹೊತ್ತಿನಲ್ಲಿ ರೇಡಿಯೋ ಹಾಕುವ ಮನೆಗಳೂ ಇರುವುದರಿಂದ, ಮೊದಲೇ ಕ್ಷಮೆ ಕೇಳಿಕೊಂಡು ಮುಂದುವರಿಯುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ಮನೆಯಲ್ಲಿ ಬಚ್ಚಲ ನೀರು ಹಿಂದಕ್ಕೆ ಉಕ್ಕತೊಡಗಿತು. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ತಿಳಿದಿದ್ದವರು ನಮ್ಮ ತಂದೆಯವರೊಬ್ಬರೇ. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹಿತ್ತಲಲ್ಲಿ ಮೂರು ಕಡೆ ಅಗೆಸಿದೆವು. ಮೂರು ಕಡೆಯೂ ಸಿಕ್ಕಿದ್ದು ಮಣ್ಣೇ. ಕೊನೆಗೆ ಯಾರೋ ಹೇಳಿದರೆಂದು ಒಬ್ಬ ತರುಣನನ್ನು ಕರೆಸಿದೆವು. ಅವನು ತಂದದ್ದು ಹಾರೆ ಗುದ್ದಲಿಗಳನ್ನಲ್ಲ. ಗಾಲಿಗೆ ಸುತ್ತಿದ ಬಿರುಸಾದ ಕೇಬಲ್ಲು, ಅದರ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಕ್ಯಾಮೆರಾ, ಜೊತೆಗೆ ಪುಸ್ತಕದಷ್ಟು ಅಗಲದ ಪರದೆ. ಕಟ್ಟಿಕೊಂಡಿದ್ದ ನೀರನ್ನು ಸರಿಗೆ ತೂರಿಸಿ ಇಳಿಸಿದ ಮೇಲೆ, ಕ್ಯಾಮೆರಾವನ್ನು ಕೊಳವೆಯೊಳಗೆ ನೂಕಿದ. ಪರದೆಯ ಮೇಲೆ ಒಂದು ಸುರಂಗ ಕಾಣಿಸಿತು. ಗೋಡೆಗೆ ಹತ್ತಿದ ಜಿಡ್ಡು, ಮುಂದೆ ಒಂದು ಜೋಡಣೆಯ ಸಂದಿಯಿಂದ ಒಳಗಿಳಿದು ಬಿಚ್ಚಿದ ಜಡೆಯಂತೆ ಹರಡಿಕೊಂಡಿದ್ದ ಸಂಪಿಗೆ ಮರದ ಬೇರು! ಆ ಕ್ಯಾಮೆರಾದ ತಲೆಯಲ್ಲೇ ಒಂದು ಪುಟ್ಟ ಪ್ರಸಾರಯಂತ್ರ ಇರುತ್ತದೆಯಂತೆ. ಬಾನುಲಿ ನಿಲಯದ ಮರಿ ಎನ್ನಿ. ಅವನು ಮೇಲೆ ನೆಲದ ಮೇಲೆ ಗ್ರಾಹಕಯಂತ್ರ ಹಿಡಿದು ಹುಡುಕುತ್ತಾ ನಡೆದ. ಅದು ಕೂಗಿಕೊಂಡದ್ದು ತುಳಸಿಕಟ್ಟೆಯ ಬಳಿ. "ಅಯ್ಯೋ, ಇಷ್ಟು ವರ್ಷ ಇದರ ಮೇಲೆಯೇ ದೀಪ ಹಚ್ಚಿದೆನಲ್ಲಪ್ಪಾ" ಎಂದು ನಮ್ಮ ತಾಯಿ ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಈ ಕ್ಯಾಮೆರಾ ಬರುವ ಮೊದಲು ಹೇಗೆ ನೋಡುತ್ತಿದ್ದರಪ್ಪಾ?" ಎಂದು ಕೇಳಿದೆ.

"ಇಳಿದು ನೋಡೋರು ಸಾರ್" ಎಂದ, ತಲೆಯೆತ್ತದೆ. "ನಮ್ಮಪ್ಪ ಇಳೀತಿದ್ರು."

ಆ ಮಾತು ನನ್ನನ್ನು ಚರಿತ್ರೆಯ ಪುಸ್ತಕಗಳ ಕಡೆಗೆ ಕಳುಹಿಸಿತು.

ನೆಲದೊಳಗಿನ ಚರಂಡಿಯನ್ನು ಕಟ್ಟುವುದು ಒಂದು ವಿದ್ಯೆ. ಕಟ್ಟಿದ ಮೇಲೆ ಅದರೊಳಗೆ ಏನಾಗುತ್ತಿದೆ ಎಂದು ನೋಡುವುದು ಇನ್ನೊಂದು ವಿದ್ಯೆ. ಮೊದಲನೆಯದು ಬಹಳ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮೊಹೆಂಜೊದಾರೋ ಪಟ್ಟಣದವರು ಬೀದಿಯ ಇಟ್ಟಿಗೆ ಮೋರಿಗಳ ಮೇಲೆ ಎತ್ತಿ ತೆಗೆಯಬಹುದಾದ ಚಪ್ಪಡಿಗಳನ್ನು ಹಾಸಿದ್ದರು. ಮುಚ್ಚಿದ ಮೋರಿಯನ್ನು ಎಂದಾದರೊಂದು ದಿನ ತೆರೆದು ನೋಡಬೇಕಾಗುತ್ತದೆ ಎಂಬ ವಿವೇಕ ಅವರಿಗಿತ್ತು. ತರುವಾಯದ ಎಷ್ಟೋ ನಗರಗಳಿಗೆ ಅದು ಇರಲಿಲ್ಲ.

ಪ್ಯಾರಿಸ್ ನಗರವನ್ನೇ ನೋಡಿ. ಶತಮಾನಗಳ ಕಾಲ ಮನಬಂದಂತೆ ಕಟ್ಟಿದ ಅಲ್ಲಿನ ಚರಂಡಿಗಳು ಎಲ್ಲಿ ಹೊರಟು ಎಲ್ಲಿ ಸೇರುತ್ತವೆ ಎಂಬುದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೆಪೋಲಿಯನ್ನನ ಆಳ್ವಿಕೆಯಲ್ಲಿ ಬ್ರ್ಯೂನ್ಸೋ ಎಂಬ ಅಧಿಕಾರಿ 1805ರಲ್ಲಿ ಅವುಗಳ ಪರಿಶೋಧನೆಗೆ ಇಳಿದ. ಕೆಲಸ ಮುಗಿಯಲು 1812ರವರೆಗೆ, ಏಳು ವರ್ಷ ಹಿಡಿಯಿತು. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ತನ್ನ ಮಹಾಕಾದಂಬರಿಯಲ್ಲಿ ಈ ಪ್ರಯಾಣಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಏಣಿಗಳು ಕೆಸರಿನಲ್ಲಿ ಹೂತುಹೋದದ್ದು, ಕೆಟ್ಟ ಗಾಳಿಗೆ ಲಾಂದ್ರಗಳು ಕುಗ್ಗಿದ್ದು, ಮೂರ್ಛೆ ಹೋದ ಕೆಲಸಗಾರರನ್ನು ಹೊತ್ತು ತಂದದ್ದು, ಕೆಲವರು ಮುಂದೆ ಹೆಜ್ಜೆ ಇಡುವುದಿಲ್ಲವೆಂದು ಹಟ ಹಿಡಿದದ್ದು ಎಲ್ಲವೂ ಅಲ್ಲಿ ಬರುತ್ತದೆ. ಕಾದಂಬರಿಕಾರನ ಕೈಯಲ್ಲಿ ಬಣ್ಣ ಸ್ವಲ್ಪ ಹೆಚ್ಚಾಗಿರಬಹುದು. ಆದರೆ ನಕ್ಷೆ ತಯಾರಾದದ್ದು ದಿಟ, ಅದಕ್ಕಾಗಿ ಮನುಷ್ಯರು ಸೊಂಟದ ಮಟ್ಟ ಕೊಳೆಯಲ್ಲಿ ನಡೆದದ್ದೂ ದಿಟ. ಲಾಂದ್ರ ನಂದಿದರೆ ಹಿಂದಿರುಗು, ಇದೇ ಅವರಿಗಿದ್ದ ಶಾಸ್ತ್ರ.

ಅರ್ಧ ಶತಮಾನದ ಮೇಲೆ ಅದೇ ನಗರದಲ್ಲಿ ಬೆಲ್‌ಗ್ರಾಂ ಎಂಬ ಯಂತ್ರಜ್ಞ ವಿಶಾಲವಾದ ಹೊಸ ಚರಂಡಿಗಳನ್ನು ಕಟ್ಟಿಸಿದ. 1867ರ ಮಹಾಪ್ರದರ್ಶನಕ್ಕೆ ಬಂದ ಅತಿಥಿಗಳಿಗೆ ಅದನ್ನು ದೋಣಿ ಬಂಡಿಗಳಲ್ಲಿ ತೋರಿಸುತ್ತಿದ್ದರಂತೆ. ನಮ್ಮ ಕಥೆಗೆ ಬೇಕಾದವನು ಮಾತ್ರ ಅವನಲ್ಲ, ನಾದಾರ್ ಎಂಬ ಹೆಸರಿನಿಂದ ಪ್ರಖ್ಯಾತನಾದ ಛಾಯಾಗ್ರಾಹಕ. ಈತ 1858ರಲ್ಲಿ ಬಲೂನಿನಲ್ಲಿ ಮೇಲೇರಿ ಆಕಾಶದಿಂದ ಚಿತ್ರ ತೆಗೆದ ಮೊದಲಿಗ. ಮೇಲೆ ಹೋಗಿ ಆಯಿತು, ಇನ್ನು ಕೆಳಗೆ ಎಂದುಕೊಂಡನೋ ಏನೋ, 1860ರ ದಶಕದಲ್ಲಿ ಪ್ಯಾರಿಸ್ಸಿನ ಅಸ್ಥಿಗುಹೆಗಳಿಗೂ ಚರಂಡಿಗಳಿಗೂ ಕ್ಯಾಮೆರಾ ಇಳಿಸಿದ. ಅಲ್ಲಿ ಬೆಳಕೆಲ್ಲಿಂದ ಬರಬೇಕು? ಬೀದಿಯಲ್ಲಿ ವಿದ್ಯುತ್ಕೋಶಗಳನ್ನಿಟ್ಟು, ಚರಂಡಿಯ ಬಾಯಿಗಳ ಮೂಲಕ ತಂತಿ ಇಳಿಬಿಟ್ಟು, ಕೆಳಗೆ ವಿದ್ಯುದ್ದೀಪ ಉರಿಸಿದ. ಒಂದೊಂದು ಚಿತ್ರಕ್ಕೆ 18 ನಿಮಿಷದವರೆಗೆ ಬೆಳಕು ಬೀಳಬೇಕಾಗಿತ್ತು. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ನೀರಿನಿಂದ ಆವಿ ಎದ್ದು ಚಿತ್ರಫಲಕವನ್ನು ಮಸುಕುಗೊಳಿಸಿದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ಅಲುಗದೆ ನಿಲ್ಲುವವರು ಯಾರು? ಅಸ್ಥಿಗುಹೆಗಳಲ್ಲಿ ಕೆಲಸಗಾರರ ಬದಲು ಅವರ ಉಡುಪು ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ. ಮೋರಿಯೊಳಗೆ ಕ್ಯಾಮೆರಾ ಹೊಕ್ಕ ಮೊದಲ ಪ್ರಸಂಗಗಳಲ್ಲಿ ಇದೊಂದು. ಆದರೆ ಕ್ಯಾಮೆರಾದ ಹಿಂದೆ ಮನುಷ್ಯನೂ ಹೊಕ್ಕಿದ್ದ.

ಮನೆಯ ಕೊಳವೆಗಳ ಗತಿಯೇನು? ನಾಲ್ಕು ಅಂಗುಲದ ಕೊಳವೆಯೊಳಗೆ ಬ್ರ್ಯೂನ್ಸೋನೂ ನಡೆಯಲಾರ, ನಾದಾರನೂ ಕೂರಲಾರ. ಅವುಗಳನ್ನು ಪರೀಕ್ಷಿಸುವ ಆತುರ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅದೂ ಒಬ್ಬ ರಾಜಕುಮಾರನಿಗೆ ಜ್ವರ ಬಂದ ಮೇಲೆ. 1871ರಲ್ಲಿ ಸ್ಕಾರ್‌ಬರೊ ಊರಿನ ಒಂದು ಶ್ರೀಮಂತ ಬಂಗಲೆಯಲ್ಲಿ ಅತಿಥಿಯಾಗಿದ್ದ ವಿಕ್ಟೋರಿಯಾ ರಾಣಿಯ ಹಿರಿಯ ಮಗ ವಿಷಮಶೀತಜ್ವರದಿಂದ ಸಾಯುವ ಸ್ಥಿತಿ ತಲುಪಿ ಬದುಕಿಕೊಂಡ. ಅದೇ ಮನೆಯಲ್ಲಿ ತಂಗಿದ್ದ ಒಬ್ಬ ಜಮೀನ್ದಾರನೂ ರಾಜಕುಮಾರನ ಕುದುರೆಯಾಳೂ ಬದುಕಲಿಲ್ಲ. ತಪ್ಪು ಆ ಮನೆಯ ಮೋರಿಯದೆಂದು ಪತ್ರಿಕೆಗಳು ಬರೆದವು. ಮೋರಿಯ ಗಾಳಿಯೇ ರೋಗ ತರುತ್ತದೆಂಬುದು ಆ ಕಾಲದ ನಂಬಿಕೆ. ನಂಬಿಕೆ ತಪ್ಪು, ಆ ಜ್ವರದ ಕ್ರಿಮಿ ಬರುವುದು ಕೆಟ್ಟ ನೀರು, ಕೆಟ್ಟ ಆಹಾರಗಳಿಂದ. ಆದರೆ ಆ ತಪ್ಪು ನಂಬಿಕೆಯಿಂದಲೇ ಎಷ್ಟೋ ಮನೆಗಳ ಕೊಳವೆ ಸರಿಯಾಯಿತು. ಲೀಡ್ಸ್ ನಗರದ ಪ್ರಿಜಿನ್ ಟೀಲ್ ಎಂಬ ಶಸ್ತ್ರವೈದ್ಯ 1878ರಲ್ಲಿ ಚಿತ್ರಗಳ ಒಂದು ಪುಸ್ತಕವನ್ನೇ ತಂದ. ಮನೆಯನ್ನು ಹಲಸಿನ ಹಣ್ಣಿನಂತೆ ಸೀಳಿ ತೋರಿಸಿದ ಚಿತ್ರಗಳು ಅವು. ಎಲ್ಲಿ ಜೋಡಣೆ ಬಿಟ್ಟಿದೆ, ಎಲ್ಲಿ ಕೊಳವೆ ಎಲ್ಲಿಗೂ ಸೇರದೆ ನೆಲದ ಹಲಗೆಯ ಕೆಳಗೆ ಸುಮ್ಮನೆ ಕೊನೆಗೊಂಡಿದೆ ಎಂಬುದನ್ನು ಗೃಹಿಣಿಯೂ ಅರಿಯುವಂತೆ ಬರೆಸಿದ್ದ.

ಆ ಕಾಲದ ಪರೀಕ್ಷೆಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಪೆಪ್ಪರ್‌ಮಿಂಟ್ ಪರೀಕ್ಷೆ. ಒಬ್ಬ ಮಾಳಿಗೆಯ ಮೇಲೆ ಹೋಗಿ ಕೊಳವೆಯ ಬಾಯಿಗೆ ಪೆಪ್ಪರ್‌ಮಿಂಟ್ ಎಣ್ಣೆಯನ್ನೂ ಅದರ ಹಿಂದೆ ಬಿಸಿನೀರನ್ನೂ ಸುರಿಯುವುದು. ಇನ್ನೊಬ್ಬ ಮನೆಯೊಳಗೆ ಕೋಣೆ ಕೋಣೆಗೂ ಹೋಗಿ ಮೂಸುವುದು. ವಾಸನೆ ಬಂದಲ್ಲಿ ಕೊಳವೆ ಬಿರಿದಿದೆ ಎಂದರ್ಥ. ಎಣ್ಣೆ ಸುರಿದವನು ಮಾತ್ರ ಒಳಗೆ ಕಾಲಿಡಕೂಡದು. ಇಟ್ಟರೆ ಮನೆಯೆಲ್ಲ ಪೆಪ್ಪರ್‌ಮಿಂಟ್! ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುವುದೂ ಉಂಟು. ಇನ್ನೊಂದು ಉಪಾಯ ದೀಪ ಮತ್ತು ಕನ್ನಡಿಯದು. ಕೊಳವೆಯ ಒಂದು ತುದಿಯ ಗುಂಡಿಯಲ್ಲಿ ದೀಪ, ಮತ್ತೊಂದು ತುದಿಯ ಗುಂಡಿಯಲ್ಲಿ ಓರೆಯಾಗಿ ಹಿಡಿದ ಕನ್ನಡಿ. ಕನ್ನಡಿಯಲ್ಲಿ ಹುಣ್ಣಿಮೆಯ ಚಂದ್ರ ಕಂಡರೆ ಕೊಳವೆ ನೇರವಾಗಿದೆ. ಗ್ರಹಣ ಹಿಡಿದಂತೆ ಕಂಡರೆ ಎಲ್ಲೋ ಕುಸಿದಿದೆ ಅಥವಾ ಕಟ್ಟಿದೆ. ಕೊಳವೆ ತಿರುಗುವ ಕಡೆಯೆಲ್ಲ ಒಂದು ಚೇಂಬರ್ ಕಟ್ಟಬೇಕೆಂದು ಮೇಸ್ತ್ರಿ ಹೇಳಿದಾಗ ವೃಥಾ ಖರ್ಚೆಂದು ನಾವು ಗೊಣಗುತ್ತೇವಲ್ಲ, ಅದಕ್ಕೆ ಇದೂ ಒಂದು ಕಾರಣ. ದೃಷ್ಟಿ ನೇರವಾಗಿಯಷ್ಟೇ ಹೋಗುತ್ತದೆ.

ಈ ನಡುವೆ ಕೊಳವೆಯ ಕೊನೆಯಲ್ಲಿ ಹೊಸದೊಂದು ವಸ್ತು ಬಂದು ಕುಳಿತಿತು. ಫ್ರಾನ್ಸಿನ ವೆಸೂಲ್ ಎಂಬ ಊರಿನಲ್ಲಿ ಮುರಾಸ್ ಎಂಬಾತ 1860ರ ಸುಮಾರಿಗೆ ಮನೆಯ ಕಕ್ಕಸಿನ ಗುಂಡಿಯನ್ನು ಗಾಳಿಯಾಡದಂತೆ, ಸದಾ ನೀರು ನಿಲ್ಲುವಂತೆ ಕಟ್ಟಿದ. ಹನ್ನೆರಡು ವರ್ಷದ ಮೇಲೆ ತೆರೆದು ನೋಡಿದಾಗ ತುಂಬಿರಬೇಕಾದ ಗುಂಡಿಯಲ್ಲಿ ಗಟ್ಟಿ ಪದಾರ್ಥ ಬಹಳ ಕಡಿಮೆ ಇತ್ತೆಂದು ಕಥೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಿದ್ದವು. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮೆರಾನ್ ಎಂಬ ಸರ್ವೇಯರು 1895ರ ಸುಮಾರಿಗೆ ಇಂಥದೇ ತೊಟ್ಟಿ ಕಟ್ಟಿ ಸೆಪ್ಟಿಕ್ ಟ್ಯಾಂಕ್ ಎಂದು ಕರೆದ. ಕೊಳೆಯುವಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಅದರಲ್ಲಿ ಹುಟ್ಟಿದ ಅನಿಲವನ್ನು ಅಲ್ಲಿ ದೀಪ ಉರಿಸಲೂ ಬಳಸಿದರು. ಆ ಅನಿಲವೇ ಕಥೆಯ ಖಳ. ದೀಪಕ್ಕೆ ಬರುವ ಮೀಥೇನಿನ ಜೊತೆಯಲ್ಲಿ ಹೈಡ್ರೊಜನ್ ಸಲ್ಫೈಡ್ ಎಂಬುದೂ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನಷ್ಟಾದರೆ ಮೂಗಿನ ಶಕ್ತಿಯೇ ಉಡುಗಿ, ನಾತ ಹೋಯಿತು, ಅಪಾಯವಿಲ್ಲ ಎನಿಸುತ್ತದೆ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. ಕೆಸರನ್ನು ಕದಡಿದಾಗ ಅದು ಒಮ್ಮೆಗೇ ಮೇಲೇಳುತ್ತದೆ. ತುಂಬಿದ ಟ್ಯಾಂಕು ಹೊರಗೆ ನೋಡಲು ಎಷ್ಟು ಶಾಂತ!

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಅಯೋವಾ ಸೀಮೆಯ ಸ್ಯಾಮ್ಯುಯಲ್ ಬ್ಲಾಂಕ್ ಎಂಬಾತ, ಬಟ್ಟೆ ಒಗೆಯುವ ಯಂತ್ರದ ಮೋಟರು ಮುಂತಾದುವನ್ನು ಜೋಡಿಸಿ, ಕೊಳವೆಯೊಳಗೆ ತಿರುಗುತ್ತಾ ಬೇರು ಕತ್ತರಿಸುವ ಯಂತ್ರ ಮಾಡಿದ. ಅದಕ್ಕೆ ಪೇಟೆಂಟೂ ದೊರೆಯಿತು. ಅದು ಕುರುಡು ಯಂತ್ರ. 1950ರ ದಶಕದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಬಂದರು ನಗರ ಕೀಲ್‌ನಲ್ಲಿ ಚರಂಡಿಗೆಂದೇ ಟೆಲಿವಿಷನ್ ಕ್ಯಾಮೆರಾಗಳು ತಯಾರಾದವು. ಬೀದಿಯ ದೊಡ್ಡ ಕೊಳವೆಗಳಿಗೆ ಕಣ್ಣು ಬಂತು, ಮನೆಯ ಕೊಳವೆಗೆ ಅವು ಹಿಡಿಯುತ್ತಿರಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್, ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಒಂದು ಪುಟ್ಟ ಸಿಲಿಕಾನ್ ಬಿಲ್ಲೆಯನ್ನು ಕಲ್ಪಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ವೈದ್ಯರು ಹೊಟ್ಟೆಯೊಳಗೆ ನೋಡುವ ಕ್ಯಾಮೆರಾಕ್ಕೂ ನಮ್ಮ ಹಿತ್ತಲಿಗೆ ಬಂದ ಕ್ಯಾಮೆರಾಕ್ಕೂ ಇಂಥ ಬಿಲ್ಲೆಗಳೇ ದಾರಿ ಮಾಡಿದವು.

ಈ ಕಣ್ಣಿಗೂ ಮಿತಿಯಿದೆ. ಬಗ್ಗಡದಲ್ಲಿ ಮುಳುಗಿದರೆ ಅದಕ್ಕೆ ಏನೂ ಕಾಣದು. ಟ್ಯಾಂಕಿನ ಗೋಡೆ ಬಿರಿದಿದೆಯೇ, ಒಳಬರುವ ಹೊರಹೋಗುವ ಕೊಳವೆಗಳ ಮುಂದಿನ ತಡೆಗಳು ಗಟ್ಟಿಯಾಗಿವೆಯೇ ಎಂದು ನೋಡಬೇಕಾದರೆ ಮೊದಲು ಅದನ್ನು ಖಾಲಿ ಮಾಡಬೇಕು. ನಮ್ಮ ದೇಶದಲ್ಲಿ ಜೀವ ಹೋಗುವುದು ಅಲ್ಲಿಯೇ.

ನಮ್ಮಲ್ಲಿ ನೋಡುವ, ಬಳಿಯುವ, ಹೊರುವ ಕೆಲಸವನ್ನು ಯಂತ್ರಕ್ಕೆ ವಹಿಸುವ ಅವಸರ ಯಾರಿಗೂ ಇರಲಿಲ್ಲ. ಏಕೆಂದರೆ ಅದಕ್ಕೆ ಒಂದು ಜಾತಿಯನ್ನು ಗೊತ್ತು ಮಾಡಿಬಿಟ್ಟಿದ್ದೆವು. 1898ರ ಪ್ಲೇಗಿನ ಕಾಲಕ್ಕೆ ಬೆಂಗಳೂರಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಓಣಿಗಳಿದ್ದವು. ಜಲಗಾರರು ಎದುರು ಬೀದಿಯಲ್ಲಿ ಕಾಣದೆ ಬಂದು ಹೋಗಲೆಂದು. 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲಿ ಒಣ ಕಕ್ಕಸುಗಳು ಉಳಿದವು. ಅಲ್ಲಿನ ಅಂಥ ಕೆಲಸಗಾರರ ಮನೆಯಲ್ಲಿಯೇ ಹುಟ್ಟಿ ಅದರ ವಿರುದ್ಧ ದೇಶದಾದ್ಯಂತ ಚಳವಳಿ ಕಟ್ಟಿದವರು ಬೆಜವಾಡ ವಿಲ್ಸನ್. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು. ಚರಂಡಿ, ಟ್ಯಾಂಕುಗಳಲ್ಲಿ ಸತ್ತವರ ಮನೆಯವರಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತೆಂದರೆ, ಇಳಿಯುವುದು ನಿಂತಿರಲಿಲ್ಲ ಎಂದಾಯಿತಷ್ಟೆ.

2015ರಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕೆಲಸಗಾರರು ಮೇಲೆ ಬರಲಿಲ್ಲ. ದಾರಿಯಲ್ಲಿದ್ದ ಒಬ್ಬ ಆಟೋ ಚಾಲಕ ಅವರನ್ನು ಎತ್ತಲು ಇಳಿದ, ಅವನೂ ಬರಲಿಲ್ಲ. ಆ ದುರಂತ ಕೇರಳದ ಕೆಲವು ಎಂಜಿನಿಯರಿಂಗ್ ತರುಣರ ಮನಸ್ಸಿಗೆ ನಾಟಿತು. ಅವರು ಮಾಡಿದ ಬ್ಯಾಂಡಿಕೂಟ್ ಎಂಬ ಯಂತ್ರ 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಬ್ಯಾಂಡಿಕೂಟ್ ಎಂದರೆ ನಮ್ಮ ಹೆಗ್ಗಣ. ಅದಕ್ಕೆ ಕಾಲುಗಳಿವೆ, ತೋಳಿದೆ, ಕ್ಯಾಮೆರಾ ಇದೆ. ನಡೆಸುವವನು ಮೇಲೆ ನಿಂತು ಪರದೆ ನೋಡುತ್ತಾನೆ.

ನಮ್ಮ ಹಿತ್ತಲಿನ ಕಥೆ ಅರ್ಧಕ್ಕೆ ನಿಂತಿತಲ್ಲ. ತುಳಸಿಯನ್ನು ಬಾವಿಯ ಪಕ್ಕಕ್ಕೆ ಸ್ಥಳಾಂತರಿಸಿದೆವು. ಕಟ್ಟೆ ಬಿಚ್ಚಿಸಿದ ಮೇಲೆ ಮುಚ್ಚಳ ಸಿಕ್ಕಿತು. ಹೀರುವ ಲಾರಿ ಬಂದಾಗ ಅದರವರಲ್ಲೊಬ್ಬ ಪಂಚೆ ಎತ್ತಿ ಕಟ್ಟಿ, "ಅಡಿಯಲ್ಲಿ ಗಟ್ಟಿ ಇದೆ ಸಾರ್, ಐದು ನಿಮಿಷ ಇಳಿದು ಕೆದಕಿಬಿಡ್ತೀನಿ" ಎಂದ. ಕ್ಯಾಮೆರಾ ತಂದಿದ್ದ ಹುಡುಗ ಅವನ ರಟ್ಟೆ ಹಿಡಿದು, "ಬೇಡ ಕಣಣ್ಣ, ನೀರು ಬಿಟ್ಟು ಮೇಲಿಂದಲೇ ಕದಡಿಸಿ" ಎಂದು ಬಾಯಿಯಿಂದ ಆಚೆಗೆ ಎಳೆದ. ಎರಡು ಗಂಟೆ ಹೆಚ್ಚು ಹಿಡಿಯಿತು. ಲಾರಿಯವರು ಅದಕ್ಕೂ ಬಾಡಿಗೆ ಕೇಳಿದರು, ಕೊಟ್ಟೆವು. ಸಂಜೆ ನಾನು ಟೇಪು ಹಿಡಿದು ಅಳೆದು ಮನೆಪತ್ರದ ನಕಲಿನ ಹಿಂಬದಿಯಲ್ಲಿ ಬರೆದಿಟ್ಟೆ: ಮುಚ್ಚಳ, ಅಡಿಗೆಮನೆಯ ಗೋಡೆಯಿಂದ 11 ಅಡಿ, ಬಾವಿಕಟ್ಟೆಯಿಂದ 32.