ಮನೆ ಏಲಂಗೆ ಬಂದಾಗ: ‘ಪಾಪರ್’ ಅರ್ಜಿ ಉಳಿಸೋದಿಲ್ಲ, ನೋಟಿಸಿನ ತಾರೀಕು ಉಳಿಸಬಹುದು

ಮನೆ ಸಾಲದ ಕಂತು ನಿಂತ ಮೇಲೆ ಬ್ಯಾಂಕಿನಿಂದ ಬರುವ ನೋಟಿಸ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಅದನ್ನು ಓದಿ ಹೇಳುವ ಕೆಲಸ ಬೀಳುವುದು ಕಾಲೇಜು ಕಲಿತ ಮಕ್ಕಳಿಗೆ. ಅವರು ಮೊದಲು ಗೂಗಲ್ ಮಾಡುವುದು: ದಿವಾಳಿ ಘೋಷಿಸಿಕೊಂಡರೆ ಮನೆ ಉಳಿಯುತ್ತದಾ? ಸಿಗುವ ಉತ್ತರಗಳಲ್ಲಿ ಬಹುಪಾಲು ಅಮೆರಿಕದ್ದು. ಅಲ್ಲಿ ‘ಚಾಪ್ಟರ್ 13’ ಅಡಿ ಅರ್ಜಿ ಹಾಕಿ, ಬಾಕಿಯನ್ನು ಮೂರರಿಂದ ಐದು ವರ್ಷದಲ್ಲಿ ತೀರಿಸುತ್ತಾ ಅದೇ ಮನೆಯಲ್ಲಿ ಇರಬಹುದು. ನಮ್ಮಲ್ಲಿ ಆ ಬಾಗಿಲೇ ಇಲ್ಲ.

2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿಯಲ್ಲಿ, ವ್ಯಕ್ತಿಗಳ ದಿವಾಳಿಗೂ ಒಂದು ಭಾಗವಿದೆ. ಆದರೆ 2019ರ ಡಿಸೆಂಬರ್ 1ರಿಂದ ಅದು ಜಾರಿಯಾದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಬೀಡಿ ಕಟ್ಟುವವರಿಗೆ, ಟೀಚರುಗಳಿಗೆ, ಗಲ್ಫ್ ಬಿಟ್ಟು ಬಂದವರಿಗೆ ಅದು ಸಿಗುವುದಿಲ್ಲ. ಸಂಹಿತೆಯಲ್ಲಿ ಬಡವರ ಸಾಲ ಮನ್ನಾಕ್ಕೆ ಇಟ್ಟಿರುವ ‘ಫ್ರೆಶ್ ಸ್ಟಾರ್ಟ್’ ಷರತ್ತುಗಳನ್ನು ನೋಡಿ: ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರಬಾರದು. ಜೊತೆಗೆ ಸ್ವಂತ ಮನೆ ಇರಲೇಬಾರದು. ನಾಳೆಯೇ ಜಾರಿಯಾದರೂ ಮನೆಯವರಿಗೆ ಪ್ರಯೋಜನ ಸೊನ್ನೆ.

ಹಾಗಾಗಿ ಉಳಿದಿರುವುದು ಬ್ರಿಟಿಷರ ಕಾಲದ, 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಕಾಯ್ದೆ. ಊರಲ್ಲಿ ‘ಪಾಪರ್ ಆಗೋದು’ ಅಂತ ಹೇಳುವುದು ಇದನ್ನೇ. 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು! ಕೈಸಾಲ ಕೊಟ್ಟವರ ಕಾಟಕ್ಕೆ ಇದರಿಂದ ತಡೆ ಸಿಗಬಹುದು. ಆದರೆ ಸೆಕ್ಷನ್ 28 ಸ್ಪಷ್ಟವಾಗಿದೆ: ಅಡವು ಇಟ್ಟುಕೊಂಡವರ ಹಕ್ಕಿಗೆ ಧಕ್ಕೆಯಿಲ್ಲ. ನೀವು ಪಾಪರ್ ಆದರೂ ಮನೆ ಬ್ಯಾಂಕಿನದ್ದೇ.

ಹಾಗಾದರೆ ಯಾವುದು ಲೆಕ್ಕಕ್ಕೆ ಬರುತ್ತದೆ? ಎರಡು ಪ್ರಶ್ನೆ: ಸಾಲ ಕೊಟ್ಟವರು ಯಾರು, ಮನೆ ಇರುವ ಜಾಗ ಯಾವುದು.

ಕೋರ್ಟಿಗೆ ಹೋಗದೆ ಮನೆ ಹರಾಜು ಹಾಕುವ ಅಧಿಕಾರ ಬರುವುದು 2002ರ ಸರ್ಫೇಸಿ ಕಾಯ್ದೆಯಿಂದ. ಬ್ಯಾಂಕುಗಳಿಗೂ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಅದು ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ಹೇಳಿತು. ಆದರೆ ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಊರಿನ ಸೇವಾ ಸಹಕಾರಿ ಸಂಘಕ್ಕೆ ಇಲ್ಲ. ಅದು 1959ರ ರಾಜ್ಯ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70ರಡಿ ದಾವೆ ಹೂಡಿ, ತೀರ್ಪು ಪಡೆದು, ಆಮೇಲೆ ಜಪ್ತಿಗೆ ಬರಬೇಕು. ಅಲ್ಲಿ ನಿಮ್ಮ ವಾದಕ್ಕೆ ಮೊದಲೇ ಅವಕಾಶ ಇರುತ್ತದೆ.

ಜಾಗದ ಪ್ರಶ್ನೆ ನಮ್ಮ ಕಡೆಗೆ ಇನ್ನೂ ಮುಖ್ಯ. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಸರ್ಫೇಸಿ ತಾಗುವುದಿಲ್ಲ (ಸೆಕ್ಷನ್ 31). ಬೆಳ್ತಂಗಡಿಯಲ್ಲಿ ಎಷ್ಟೋ ಮನೆಗಳು ಅಡಿಕೆ ತೋಟದ ನಡುವೆಯೇ ಇವೆ. ಹಾಗಂತ ಪಹಣಿ ತೋರಿಸಿದರೆ ಸಾಕು ಅಂದುಕೊಳ್ಳಬೇಡಿ. ದಾಖಲೆಯಲ್ಲಿ ಕೃಷಿ ಎಂದು ಬರೆದಿದ್ದರಷ್ಟೇ ಸಾಲದು, ಅಲ್ಲಿ ನಿಜವಾಗಿ ಕೃಷಿ ನಡೆಯುತ್ತಿತ್ತು ಎಂದು ಸಾಲಗಾರರೇ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಇನ್ನು ಹತ್ತು ಸೆಂಟ್ಸ್ ಕನ್ವರ್ಷನ್ ಮಾಡಿಸಿ, ಪಂಚಾಯತಿನಿಂದ 9/11 ತಂದು ಹೋಮ್ ಲೋನ್ ಮಾಡಿದ್ದರೆ, ಆ ಹತ್ತು ಸೆಂಟ್ಸಿಗೆ ಈ ರಕ್ಷಣೆ ಇಲ್ಲ. ತೋಟ ಉಳಿಯಬಹುದು, ಮನೆ ಹೋಗಬಹುದು.

ತಾರೀಕಿನ ಲೆಕ್ಕ

ಕಂತು 90 ದಿನ ಬಾಕಿಯಾದರೆ ಖಾತೆ ಎನ್‌ಪಿಎ. ಆಮೇಲೆ 60 ದಿನದ ನೋಟಿಸ್, ಸೆಕ್ಷನ್ 13(2)ರದ್ದು. ಹೆಚ್ಚಿನವರು ಇದನ್ನು ಕಪಾಟಿನಲ್ಲಿ ಇಟ್ಟು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಇಲ್ಲೇ ಆಟ ಕೈತಪ್ಪುವುದು. ಈ 60 ದಿನದಲ್ಲಿ ಬಡ್ಡಿ ಲೆಕ್ಕ ತಪ್ಪಿದೆ, ಕಟ್ಟಿದ ಹಣ ಸೇರಿಸಿಲ್ಲ ಎಂಬಂಥ ಆಕ್ಷೇಪವನ್ನು ಲಿಖಿತವಾಗಿ ಕೊಟ್ಟರೆ, ಬ್ಯಾಂಕ್ 15 ದಿನದೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. ಲಕೋಟೆಯನ್ನೂ ಎಸೆಯಬೇಡಿ, ತಾರೀಕಿನ ಸಾಕ್ಷಿ ಅದೇ.

ನಂತರದ್ದು ಸ್ವಾಧೀನದ ನೋಟಿಸ್. ಗೋಡೆಗೆ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲಿ ಹಾಕುತ್ತಾರೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಎಂಬ ನಿಯಮವಿದೆ. ಊರಿಗೆಲ್ಲ ಗೊತ್ತಾಗಲು ಕನ್ನಡ, ಮನೆಯವರು ಎಚ್ಚೆತ್ತುಕೊಳ್ಳಬೇಕಾದ ಮೊದಲ ಕಾಗದಕ್ಕೆ ಇಂಗ್ಲಿಷ್!

ಮನೆ ಖಾಲಿ ಮಾಡಿಸಲು ಬ್ಯಾಂಕ್ ಜಿಲ್ಲಾಧಿಕಾರಿಯ ನೆರವು ಕೇಳುತ್ತದೆ. ಆಗ ಮಂಗಳೂರಿಗೆ ಮನವಿ ಹಿಡಿದು ಓಡುವವರಿದ್ದಾರೆ. ಆದರೆ ಸೆಕ್ಷನ್ 14ರಡಿ ಜಿಲ್ಲಾಧಿಕಾರಿಗೆ ವ್ಯಾಜ್ಯ ತೀರ್ಮಾನಿಸುವ ಅಧಿಕಾರವಿಲ್ಲ. ಸಿವಿಲ್ ಕೋರ್ಟಿಗೂ ಇಲ್ಲ. ಸ್ವಾಧೀನದ ದಿನದಿಂದ 45 ದಿನದೊಳಗೆ ಡಿಆರ್‌ಟಿ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಗೆ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್‌ನಂಥ ಬ್ಯಾಂಕುಗಳನ್ನು ದೇಶಕ್ಕೆ ಕೊಟ್ಟ ಕರಾವಳಿಯ ಸಾಲಗಾರರು ನ್ಯಾಯ ಕೇಳಲು ಘಟ್ಟ ಹತ್ತಬೇಕು. ಮಂಗಳೂರಿಗೆ ಒಂದು ಡಿಆರ್‌ಟಿ ಪೀಠ, 60 ದಿನದ ನೋಟಿಸ್ ಕನ್ನಡದಲ್ಲಿ: ಎರಡೂ ನ್ಯಾಯವಾದ ಬೇಡಿಕೆ. ನಮ್ಮ ಚುನಾವಣಾ ಭಾಷಣಗಳಲ್ಲಿ ಮಾತ್ರ ಇವು ಕೇಳಿಸುವುದಿಲ್ಲ.

ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಏಲಂ ನಡೆಯುವ ದಿನದವರೆಗೂ ಇರುತ್ತದೆ ಎಂಬ ನಂಬಿಕೆ ಈಗಲೂ ಇದೆ. ಅದು ಹಳೇ ಕಥೆ. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬಿದ್ದ ದಿನವೇ ಆ ಹಕ್ಕು ಮುಗಿಯುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಒಂದೇ ಸಲ ಕಟ್ಟಿ ಮುಗಿಸುವ ‘ಒಟಿಎಸ್’ ಕೂಡ ಹಕ್ಕಲ್ಲ, ಅದು ಬ್ಯಾಂಕಿನ ಮರ್ಜಿ. ಹಾಗಾಗಿ ಒಟಿಎಸ್ ಮಾತುಕತೆ ನಡೀತಿದೆ ಅಂತ 45 ದಿನ ಕಳೆದುಕೊಳ್ಳಬೇಡಿ. ಮಾತೂ ನಡೆಯಲಿ, ಅರ್ಜಿಯೂ ಹೋಗಲಿ.

ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ. ಮನೆ ಅಮ್ಮನ ಹೆಸರಿನಲ್ಲಿದ್ದರೆ ಅರ್ಜಿಯನ್ನು ಅಮ್ಮನೇ ಹಾಕಲಿ.

ಸಾಲ ತೀರಿಸಿ ಮುಗಿಸಿದವರಿಗೆ ಒಂದು ಮಾತು: ಮೂಲ ದಾಖಲೆಗಳನ್ನು 30 ದಿನದಲ್ಲಿ ಬ್ಯಾಂಕ್ ವಾಪಸ್ ಕೊಡಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಆರ್‌ಬಿಐ ನಿಯಮ.