ಹತ್ತು ಪೌಂಡ್ ವಲಸೆ: ಆಸ್ಟ್ರೇಲಿಯದಲ್ಲಿ ನೆಲೆನಿಂತ, ಮರಳಿ ಹೋದ ಬ್ರಿಟಿಷರು

ಎರಡನೇ ಮಹಾಯುದ್ಧದ ನಂತರ, 1947ರಿಂದ 1970ರ ದಶಕದ ಮೊದಲ ವರ್ಷಗಳವರೆಗೆ, ಹತ್ತು ಲಕ್ಷಕ್ಕೂ ಹೆಚ್ಚು ಬ್ರಿಟಿಷರು ಸರ್ಕಾರದ ನೆರವಿನಿಂದ ಆಸ್ಟ್ರೇಲಿಯಕ್ಕೆ ವಲಸೆ ಹೋದರು. ವಯಸ್ಕರೊಬ್ಬರು ಕೈಯಿಂದ ಕೊಡಬೇಕಾಗಿದ್ದ ಪ್ರಯಾಣದ ವೆಚ್ಚ 10 ಪೌಂಡ್ ಮಾತ್ರ. ಅದರಿಂದಲೇ ಅವರಿಗೆ ‘ಟೆನ್ ಪೌಂಡ್ ಪಾಮ್ಸ್’ ಎಂಬ ಅಡ್ಡಹೆಸರು ಬಂತು (‘ಪಾಮ್’ ಎಂದರೆ ಆಸ್ಟ್ರೇಲಿಯನ್ನರ ಆಡುಮಾತಿನಲ್ಲಿ ಬ್ರಿಟಿಷರು). ಇವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಬ್ರಿಟನ್ನಿಗೆ ಮರಳಿದರು. ಮರಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮತ್ತೆ ಆಸ್ಟ್ರೇಲಿಯಕ್ಕೇ ಬಂದರು. ಹೋದ ನಾಡಿನಲ್ಲೂ ಅದೇ ಭಾಷೆ, ಅದೇ ದೊರೆ, ಬಹುಪಾಲು ಅದೇ ಕಾನೂನು. ಇಷ್ಟು ಅನುಕೂಲವಿದ್ದೂ ನಾಲ್ವರಲ್ಲಿ ಒಬ್ಬರಿಗೆ ಅಲ್ಲಿ ಬೇರು ಹಿಡಿಯಲಿಲ್ಲ. ವಲಸೆಯ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ವಿಶೇಷ ಮಹತ್ವ ಬಂದಿರುವುದು ಈ ಕಾರಣಕ್ಕೆ.

ನೆರವು ಕೊಟ್ಟು ಬ್ರಿಟಿಷರನ್ನು ಕರೆಸಿಕೊಳ್ಳುವುದು ಆಸ್ಟ್ರೇಲಿಯಕ್ಕೆ ಹೊಸದಾಗಿರಲಿಲ್ಲ. 1830ರ ದಶಕದಲ್ಲೇ ವಸಾಹತಿನ ಭೂಮಿ ಮಾರಿ ಬಂದ ಹಣದಿಂದ ಬಡವರ ಹಡಗಿನ ಖರ್ಚು ಭರಿಸುತ್ತಿದ್ದರು. 1920ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯ ಸರ್ಕಾರ ಬ್ರಿಟಿಷ್ ಕುಟುಂಬಗಳನ್ನು ಗುಂಪುಗುಂಪಾಗಿ ಕಾಡಿನಂಚಿನಲ್ಲಿ ಕೂರಿಸಿ, ಮರ ಕಡಿದು ಹೈನುಗಾರಿಕೆ ಮಾಡಿ ಎಂದಿತು. ಪಟ್ಟಣದಲ್ಲಿ ಬೆಳೆದವರಿಗೆ ಆ ದೈತ್ಯ ಮರಗಳನ್ನು ಉರುಳಿಸುವುದು ಸಾಧ್ಯವಾಗಲಿಲ್ಲ; ಅನೇಕರು ಜಮೀನು ಬಿಟ್ಟು ನಗರ ಸೇರಿದರು. ಆದರೆ ಯುದ್ಧಾನಂತರದ ಯೋಜನೆಯ ಗಾತ್ರ ಹಿಂದಿನದಕ್ಕೆ ಹೋಲಿಕೆಯಿಲ್ಲದಷ್ಟು ದೊಡ್ಡದು. 1942ರ ಫೆಬ್ರವರಿಯಲ್ಲಿ ಜಪಾನೀ ವಿಮಾನಗಳು ಡಾರ್ವಿನ್ ಮೇಲೆ ಬಾಂಬು ಹಾಕಿದಾಗ, ಎಪ್ಪತ್ತು ಲಕ್ಷದಷ್ಟು ಜನ ಒಂದು ಇಡೀ ಖಂಡವನ್ನು ಕಾಯುವುದು ಹೇಗೆ ಎಂಬ ಭಯ ಹುಟ್ಟಿತು. 1945ರ ಜುಲೈಯಲ್ಲಿ ಬೆನ್ ಚಿಫ್ಲಿ ಸರ್ಕಾರ ವಲಸೆಗೆಂದೇ ಇಲಾಖೆ ತೆರೆದು ಆರ್ಥರ್ ಕಾಲ್ವೆಲ್‌ರನ್ನು ಅದರ ಮೊದಲ ಮಂತ್ರಿಯನ್ನಾಗಿ ಮಾಡಿತು. ಜನರಿಂದ ನಾಡನ್ನು ತುಂಬಬೇಕು, ಇಲ್ಲವಾದರೆ ಅಳಿಯಬೇಕು ಎಂಬುದು ಆ ಕಾಲದ ಘೋಷಣೆ. ತುಂಬಬೇಕಾದವರು ಬಿಳಿಯರೇ ಆಗಿರಬೇಕು, ಅವರಲ್ಲೂ ಬ್ರಿಟಿಷರೇ ಹೆಚ್ಚಿರಬೇಕು ಎಂಬುದು ಅದರ ಹಿಂದಿದ್ದ ಷರತ್ತು.

ಬ್ರಿಟನ್ ಮತ್ತು ಆಸ್ಟ್ರೇಲಿಯ ಸರ್ಕಾರಗಳ ಒಪ್ಪಂದ 1947ರ ಮಾರ್ಚ್ 31ರಂದು ಜಾರಿಗೆ ಬಂತು. ಮಾಜಿ ಸೈನಿಕರಿಗೆ ಪ್ರಯಾಣ ಉಚಿತ. ಉಳಿದವರು ಅರ್ಜಿ ಹಾಕಿ, ವೈದ್ಯಕೀಯ ಪರೀಕ್ಷೆ ಮತ್ತು ಸಂದರ್ಶನದಲ್ಲಿ ತೇರ್ಗಡೆಯಾಗಬೇಕಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಈ ವಲಸಿಗರನ್ನು ಹೊತ್ತ ‘ಒರ್ಮಾಂಡ್’ ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿನಿಂದ ಹೊರಟಿತು. ಆ ವರ್ಷದ ಆರಂಭದಲ್ಲಿ ಬ್ರಿಟನ್ ಘೋರ ಚಳಿಗಾಲವೊಂದನ್ನು ದಾಟಿತ್ತು. ಬಾಂಬಿಗೆ ಮನೆ ಕಳೆದುಕೊಂಡವರು ಅತ್ತೆ ಮಾವಂದಿರ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಪಡಿತರ ಪೂರ್ತಿ ಕೊನೆಗೊಳ್ಳಲು 1954ರವರೆಗೆ ಕಾಯಬೇಕಾಯಿತು. ಇಂಥವರ ಮುಂದೆ ಬಿಸಿಲು, ಕಡಲತೀರ, ಸ್ವಂತ ಮನೆಯ ಚಿತ್ರವಿದ್ದ ಭಿತ್ತಿಪತ್ರ ಬಂದಾಗ ಹೋಗದಿರುವವರನ್ನೇ ಏಕೆ ಹೋಗಲಿಲ್ಲ ಎಂದು ಕೇಳಬೇಕಿತ್ತು. ಹಡಗು ಕದಲುವಾಗ ಮೇಲಿನವರೂ ದಂಡೆಯಲ್ಲಿದ್ದವರೂ ಬಣ್ಣದ ಕಾಗದದ ಉದ್ದ ಪಟ್ಟಿಯೊಂದರ ಎರಡು ತುದಿಗಳನ್ನು ಹಿಡಿದು ನಿಲ್ಲುತ್ತಿದ್ದರು. ನೀರಿನ ಅಂತರ ಹೆಚ್ಚಿದಂತೆ ಪಟ್ಟಿಗಳು ಬಿಗಿದು ಒಂದೊಂದಾಗಿ ಹರಿಯುತ್ತಿದ್ದವು. ದಂಡೆಯಲ್ಲಿ ನಿಂತಿದ್ದವರಲ್ಲಿ ಬಹಳ ಮಂದಿ ವಯಸ್ಸಾದ ತಾಯಂದಿರು. ಮುಂದೆ ಮರಳುವವರ ಪ್ರಶ್ನೆ ಎದ್ದಾಗ ಅಧಿಕಾರಿಗಳು ಈ ತಾಯಂದಿರನ್ನು ಮರೆತರು ಎಂದೇ ಹೇಳಬೇಕು.

ಬಂದವರು ಕನಿಷ್ಠ ಎರಡು ವರ್ಷ ಇರಲೇಬೇಕಿತ್ತು. ಅದಕ್ಕೆ ಮೊದಲೇ ಹೊರಡುವುದಾದರೆ ಸರ್ಕಾರ ಭರಿಸಿದ್ದ ಪ್ರಯಾಣದ ವೆಚ್ಚವನ್ನು ಹಿಂತಿರುಗಿಸಿ, ಮರಳುವ ಟಿಕೆಟ್ಟಿಗೂ ತಾವೇ ಹಣ ಹೊಂದಿಸಬೇಕು. ನಾಲ್ಕೈದು ಜನರ ಕೂಲಿಕಾರ ಕುಟುಂಬಕ್ಕೆ ಅದು ಆಗದ ಮಾತು. ಹೀಗಾಗಿ ಮೊದಲ ಎರಡು ವರ್ಷ ಉಳಿದದ್ದನ್ನು ಒಪ್ಪಿ ಉಳಿದದ್ದೆಂದು ಎಣಿಸಲಾಗದು.

ಕರೆಸಿಕೊಳ್ಳಲು ಬಂಧುವೋ ಮಾಲೀಕನೋ ಇದ್ದವರು ನೇರವಾಗಿ ಮನೆ ಸೇರಿದರು. ಯಾರೂ ಇಲ್ಲದವರು ವಲಸಿಗರ ಹಾಸ್ಟೆಲುಗಳಿಗೆ ಹೋದರು. ಸಿಡ್ನಿಯ ವಿಲಾವುಡ್, ಅಡಿಲೇಡಿನ ಫಿನ್ಸ್‌ಬರಿ, ಬ್ರಿಸ್ಬೇನಿನ ವಾಕೋಲ್ ಇವುಗಳಲ್ಲಿ ಹೆಸರಾದವು. ಬಹಳ ಕಡೆ ವಸತಿಯೆಂದರೆ ಯುದ್ಧಕಾಲದ ನಿಸ್ಸೆನ್ ಶೆಡ್ಡು: ಅರ್ಧವೃತ್ತಾಕಾರವಾಗಿ ಬಾಗಿಸಿದ ತಗಡಿನ ಕೊಟ್ಟಿಗೆ, ನಡುವೆ ತೆಳುವಾದ ಅಡ್ಡಗೋಡೆ, ಆಚೆ ಇನ್ನೊಂದು ಸಂಸಾರ. ಬೇಸಗೆಯಲ್ಲಿ ತಗಡು ಕಾದು ಒಳಗೆ ಕೂರಲಾಗುತ್ತಿರಲಿಲ್ಲ. ಸ್ನಾನದ ಮನೆ, ಶೌಚಾಲಯ ಎಲ್ಲರಿಗೂ ಸೇರಿ. ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಕ್ಯಾಂಟೀನಿನ ಸಾಲಿನಲ್ಲಿ ನಿಂತು, ಮತ್ತೆ ಮತ್ತೆ ಕುರಿಮಾಂಸವನ್ನೇ ಉಣ್ಣಬೇಕು. ಹತ್ತಾರು ವರ್ಷ ತನ್ನ ಅಡುಗೆಮನೆಯನ್ನು ತಾನೇ ಆಳಿದ ಹೆಂಗಸಿಗೆ ಮಕ್ಕಳಿಗೆ ಒಂದು ಲೋಟ ಚಹಾ ಕಾಯಿಸಿಕೊಡಲೂ ಸ್ವಾತಂತ್ರ್ಯವಿಲ್ಲದ ಸ್ಥಿತಿ ಅದು. ದೂರಿದವರನ್ನು ಸದಾ ಗೊಣಗುವ ಪಾಮ್‌ಗಳೆಂದು ಸ್ಥಳೀಯರು ಹೀಯಾಳಿಸಿದರು. ದೂರುಗಳಲ್ಲಿ ಬಹುಪಾಲು ನ್ಯಾಯವಾದವು ಎಂಬುದು ಹಾಸ್ಟೆಲ್ ಜೀವನದ ದಾಖಲೆಗಳನ್ನು ನೋಡಿದವರಿಗೆ ತಿಳಿಯುತ್ತದೆ. ಇದೇ ವಿಲಾವುಡ್ಡಿನಲ್ಲಿ ಕಲೆತ ವಲಸಿಗ ಹುಡುಗರು 1964ರಲ್ಲಿ ‘ಈಸಿಬೀಟ್ಸ್’ ವಾದ್ಯವೃಂದ ಕಟ್ಟಿದರು ಎಂಬುದೂ ಸೇರಿ ಆ ಚಿತ್ರ ಪೂರ್ಣವಾಗುತ್ತದೆ.

ನೆಲೆನಿಂತವರ ಕಥೆಗೆ ದಕ್ಷಿಣ ಆಸ್ಟ್ರೇಲಿಯದ ಎಲಿಜಬೆತ್ ಪಟ್ಟಣ ಒಳ್ಳೆಯ ನಿದರ್ಶನ. ಅಡಿಲೇಡಿನ ಉತ್ತರಕ್ಕೆ 1955ರಲ್ಲಿ ಅಲ್ಲಿನ ವಸತಿ ಮಂಡಳಿ ಇದನ್ನು ಕಟ್ಟಿಸಿತು. ಬಾಡಿಗೆಮನೆ ಹಾಗೂ ಹೋಲ್ಡನ್ ಕಾರು ಕಾರ್ಖಾನೆಯ ಕೆಲಸ ಎರಡೂ ಹತ್ತಿರದಲ್ಲೇ ಸಿಗುತ್ತಿದ್ದರಿಂದ, ಜೊತೆಗೆ ನೆರೆಮನೆಯವರೂ ಬ್ರಿಟಿಷರೇ ಆಗಿದ್ದರಿಂದ, ಸಾವಿರಾರು ಕುಟುಂಬಗಳು ಇಲ್ಲಿ ನಿಂತವು. ಗ್ಲಾಸ್ಗೋದಿಂದ ಬಂದ ಗಾಯಕ ಜಿಮ್ಮಿ ಬಾರ್ನ್ಸ್ ಬೆಳೆದದ್ದು ಇಲ್ಲೇ. ಸ್ಥಳೀಯರೊಡನೆ ಬೆರೆತರೆ ಮಾತ್ರ ವಲಸಿಗ ಉಳಿಯುತ್ತಾನೆ ಎಂಬ ಅಧಿಕಾರಿಗಳ ನಂಬಿಕೆಗೆ ಈ ಪಟ್ಟಣವೇ ಉತ್ತರ. ಪಕ್ಕದಲ್ಲಿ ತನ್ನ ಊರಿನ ಮಾತು ಕೇಳಿಸಿದಾಗ ಜನ ಹೆಚ್ಚು ನೆಮ್ಮದಿಯಿಂದ ತಳವೂರಿದರು.

1969ರಲ್ಲಿ ವಲಸೆ ತನ್ನ ಶಿಖರ ಮುಟ್ಟಿತು. ಆ ಒಂದೇ ವರ್ಷ ಬಂದವರು 80 ಸಾವಿರಕ್ಕೂ ಮೇಲೆ. ಆದರೆ ಅಷ್ಟರಲ್ಲಿ ಮರಳುವವರ ಸಂಖ್ಯೆಯೂ ಸರ್ಕಾರದ ನಿದ್ದೆಗೆಡಿಸಿತ್ತು. ವಲಸೆ ಸಲಹಾ ಮಂಡಳಿ ಈ ಕುರಿತು ವಿಚಾರಣೆ ನಡೆಸಿ 1967ರಲ್ಲಿ ವರದಿ ಪ್ರಕಟಿಸಿತು. ವಲಸೆ ತಜ್ಞ ರೆಜ್ ಆ್ಯಪಲ್‌ಯಾರ್ಡ್ ಆಗಲೇ ಅಧ್ಯಯನ ಆರಂಭಿಸಿದ್ದರು. ಮುಂದೆ ಜೇಮ್ಸ್ ಹ್ಯಾಮರ್ಟನ್ ಮತ್ತು ಅಲಿಸ್ಟೇರ್ ಥಾಮ್ಸನ್ ವಲಸಿಗರ ಜೀವನಕಥನಗಳನ್ನು ಸಂಗ್ರಹಿಸಿ 2005ರಲ್ಲಿ ಗ್ರಂಥ ತಂದರು. ಮರಳಿದವರಲ್ಲಿ ಕೆಲಸ ಸಿಗದೆ, ಸಂಬಳ ಸಾಲದೆ ಹೊರಟವರು ಇದ್ದೇ ಇದ್ದರು. ಆದರೆ ಆ ಕಾರಣಗಳಿಗಿಂತ ಬಲವಾಗಿ ಎದ್ದು ಕಾಣುವುದು ಮನೆಯ ನೆನಪು ಮತ್ತು ಬಂಧುಗಳ ಕರೆ. ಗಂಡನಿಗೆ ಕಾರ್ಖಾನೆಯಲ್ಲಿ ಜೊತೆಗಾರರು ಸಿಗುತ್ತಿದ್ದರು. ಹೆಂಡತಿ ಬಸ್ಸು ಅಪರೂಪವಾದ ಹೊಸ ಬಡಾವಣೆಯಲ್ಲಿ ಕೂಸಿನೊಡನೆ ಇಡೀ ದಿನ ಒಬ್ಬಳೇ. ಬಾಣಂತನಕ್ಕೆ ತಾಯಿಯಿಲ್ಲ, ಕಾಯಿಲೆ ಬಿದ್ದರೆ ಅಕ್ಕತಂಗಿಯರಿಲ್ಲ. ದೂರವಾಣಿ ಕರೆ ದುಬಾರಿ. ಏರೋಗ್ರಾಮಿನ ನೀಲಿ ಹಾಳೆಯಲ್ಲಿ ಹಿಡಿಸುವಷ್ಟೇ ಮಾತು. ತಂದೆಯ ಸಾವಿನ ಸುದ್ದಿ ತಲುಪುವಾಗ ಅಂತ್ಯಕ್ರಿಯೆ ಮುಗಿದಿರುತ್ತಿತ್ತು.

ಮರಳಿದವರಿಗೂ ಸುಖ ಕಾದಿರಲಿಲ್ಲ. ಬಿಟ್ಟುಹೋದ ಬೀದಿ ಹಾಗೆಯೇ ಇದ್ದರೂ ಗೆಳೆಯರು ತಂತಮ್ಮ ಬದುಕಿನಲ್ಲಿ ಮುಂದೆ ಹೋಗಿದ್ದರು. ಆಸ್ಟ್ರೇಲಿಯದ ಕಥೆ ಕೇಳುವ ಆಸಕ್ತಿ ಯಾರಿಗೂ ಇರಲಿಲ್ಲ. ಬಿಸಿಲಿಗೆ ಒಗ್ಗಿದ ಮಕ್ಕಳು ಮಬ್ಬು ಆಕಾಶದ ಕೆಳಗೆ ಮುದುಡಿದರು. ಎರಡನೆಯ ಸಲ ಆಸ್ಟ್ರೇಲಿಯದ ಹಡಗು ಹತ್ತಿದವರಿಗೆ ‘ಬೂಮರಾಂಗ್ ಪಾಮ್’ ಎಂದು ಹೆಸರು. ಇವರನ್ನು ಚಂಚಲರೆಂದು ಪತ್ರಿಕೆಗಳು ಕರೆದದ್ದು ಅನ್ಯಾಯ. ಎರಡೂ ನಾಡುಗಳನ್ನು ಬಲ್ಲವರಾಗಿ, ಕಣ್ಣು ತೆರೆದು ಆಯ್ಕೆ ಮಾಡಿದವರು ನಿಜವಾಗಿ ಇವರೇ.

ಹೆಸರಾಂತರಲ್ಲೂ ಎರಡೂ ಬಗೆಯವರಿದ್ದಾರೆ. 1958ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಬಂದ ಗಿಬ್ ಸೋದರರು 1967ರಲ್ಲಿ ಇಂಗ್ಲೆಂಡಿಗೆ ಮರಳಿ ‘ಬೀ ಜೀಸ್’ ಆಗಿ ಲೋಕಪ್ರಸಿದ್ಧರಾದರು. ವೇಲ್ಸಿನ ಬ್ಯಾರಿ ಪಟ್ಟಣದ ಜೂಲಿಯಾ ಗಿಲ್ಲಾರ್ಡ್ ಚಿಕ್ಕಂದಿನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ನರಳಿದ್ದರು. ಬೆಚ್ಚಗಿನ ಹವೆಗಾಗಿ 1966ರಲ್ಲಿ ಕುಟುಂಬ ಅಡಿಲೇಡಿಗೆ ಬಂತು. 2010ರಲ್ಲಿ ಅವರು ಆಸ್ಟ್ರೇಲಿಯದ ಪ್ರಧಾನಿಯಾದರು.

ಉಳಿಯುವ ಹೋಗುವ ಆಯ್ಕೆಯೇ ಇಲ್ಲದವರೂ ಇದ್ದರು. ಅನಾಥಾಲಯಗಳಿಂದ ಸಾವಿರಾರು ಬ್ರಿಟಿಷ್ ಮಕ್ಕಳನ್ನು ಆಸ್ಟ್ರೇಲಿಯದ ಸಂಸ್ಥೆಗಳಿಗೆ ಸಾಗಿಸಲಾಯಿತು. ತಂದೆತಾಯಿ ಬದುಕಿದ್ದರೂ ಸತ್ತಿದ್ದಾರೆಂದು ಅನೇಕರಿಗೆ ಹೇಳಲಾಗಿತ್ತು. ಆಸ್ಟ್ರೇಲಿಯ 2009ರಲ್ಲಿ, ಬ್ರಿಟನ್ 2010ರಲ್ಲಿ ಇವರ ಕ್ಷಮೆ ಕೇಳಿದವು. ಇನ್ನು ಮೈಬಣ್ಣದ ಕಾರಣ ಬಾಗಿಲಲ್ಲೇ ತಡೆಯಲ್ಪಟ್ಟವರು ಆಂಗ್ಲೋ-ಇಂಡಿಯನ್ನರು. ಬಿಳಿಯರಿಗೇ ಮೀಸಲಾದ ನೀತಿ ಸಡಿಲಗೊಂಡು 1973ರ ಹೊತ್ತಿಗೆ ಅಂತ್ಯವಾದಂತೆ, ಬೆಂಗಳೂರು ಮತ್ತು ಕೋಲಾರದ ಚಿನ್ನದ ಗಣಿಯ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಪರ್ತ್, ಮೆಲ್ಬರ್ನ್‌ಗಳಲ್ಲಿ ನೆಲೆಸಿದವು.

ಹತ್ತು ಪೌಂಡಿನ ದರ 1970ರ ದಶಕದ ಆರಂಭದಲ್ಲಿ, ನೆರವಿನ ಪ್ರಯಾಣ ಪದ್ಧತಿ 1980ರ ದಶಕದ ಆರಂಭದಲ್ಲಿ ಕೊನೆಗೊಂಡವು. ಉಳಿದವರಲ್ಲಿ ಬಹಳ ಮಂದಿ ಆಸ್ಟ್ರೇಲಿಯದ ಪೌರತ್ವ ತೆಗೆದುಕೊಳ್ಳಲೇ ಇಲ್ಲ. ಬ್ರಿಟಿಷ್ ಪ್ರಜೆಗಳಿಗೆ ಪೌರತ್ವವಿಲ್ಲದೆಯೂ ಮತದಾನದ ಹಕ್ಕಿತ್ತು. 1984ರ ಜನವರಿ 26ರಿಂದ ಹೊಸಬರಿಗೆ ಆ ಸೌಲಭ್ಯ ನಿಂತಿತು, ಆಗಲೇ ಮತದಾರರ ಪಟ್ಟಿಯಲ್ಲಿದ್ದವರಿಗೆ ಮುಂದುವರಿಯಿತು. 2021ರ ಜನಗಣತಿಯಲ್ಲೂ ವಿದೇಶದಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡಿನವರೇ ಮೊದಲು, ಸುಮಾರು 9.27 ಲಕ್ಷ, ಎರಡನೆಯ ಸ್ಥಾನ ಭಾರತದ್ದು.

ವೃದ್ಧಾಪ್ಯದಲ್ಲಿ ಉಳಿಯುವುದೋ ಮರಳುವುದೋ ಎಂಬ ಪ್ರಶ್ನೆ ಇನ್ನೊಮ್ಮೆ ಎದುರಾಗುತ್ತದೆ. ಬ್ರಿಟನ್ನಿನಲ್ಲಿ ದುಡಿದು ಗಳಿಸಿದ ಸರ್ಕಾರಿ ಪಿಂಚಣಿ ಆಸ್ಟ್ರೇಲಿಯದಲ್ಲಿರುವವರಿಗೆ ವರ್ಷವರ್ಷ ಏರುವುದಿಲ್ಲ. ಮೊದಲು ದೊರೆತ ಮೊತ್ತದಲ್ಲೇ ನಿಲ್ಲುತ್ತದೆ. ಬ್ರಿಟನ್ನಿಗೆ ಹಿಂತಿರುಗಿ ನೆಲೆಸಿದರೆ ಪೂರ್ಣ ದರ. ಇದನ್ನು ಪ್ರತಿಭಟಿಸಿ ಆಸ್ಟ್ರೇಲಿಯ 2001ರಲ್ಲಿ ಬ್ರಿಟನ್ನಿನೊಂದಿಗಿನ ಸಾಮಾಜಿಕ ಭದ್ರತಾ ಒಪ್ಪಂದವನ್ನೇ ರದ್ದುಪಡಿಸಿತು. ಆದರೂ ನಿಯಮ ಬದಲಾಗಲಿಲ್ಲ. ಮಕ್ಕಳು ಮೊಮ್ಮಕ್ಕಳು ಈಗ ಆಸ್ಟ್ರೇಲಿಯದಲ್ಲೇ ಇರುವುದರಿಂದ, ನಷ್ಟ ಅನುಭವಿಸಿಯೂ ಹೆಚ್ಚಿನವರು ಅಲ್ಲೇ ಉಳಿದಿದ್ದಾರೆ.