ಒಂದು ಎಂಜಿನ್, ಎರಡು ಮನೆತನ

ಕಾರಿನ ಮುಂಭಾಗದ ಲಾಂಛನ ನೋಡಿ ಅದು ಯಾವ ಕಂಪನಿಯದ್ದು, ಯಾವ ದೇಶದ್ದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಬಾನೆಟ್ ಎತ್ತಿ ಒಳಗಿರುವ ಎಂಜಿನ್‌ನ ವಂಶಾವಳಿ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳಿ. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ 'ಬಿ ಸೀರೀಸ್' ಕುಟುಂಬದ್ದು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದುದೂ ಅದೇ ಕುಟುಂಬದ, ಅದೇ ಅಳತೆಯ ಎಂಜಿನ್!

ಯುರೋಪಿನಲ್ಲಿ ಇಂತಹ ನೆಂಟಸ್ತನ ಹೊಸದೇನಲ್ಲ. ಹೊಸ ಎಂಜಿನ್ ರೂಪಿಸಲು ವರ್ಷಗಳ ಶ್ರಮವೂ ಅಪಾರ ಬಂಡವಾಳವೂ ಬೇಕು. ಆದ್ದರಿಂದ ಸಣ್ಣ ಕಂಪನಿಗಳು ಲೈಸೆನ್ಸ್ ಪಡೆದೋ, ಕೊಂಡೋ, ಹಂಚಿಕೊಂಡೋ ಕೆಲಸ ಸಾಗಿಸುತ್ತಿದ್ದವು. ಇಂದು ಜಗತ್ಪ್ರಸಿದ್ಧವಾದ ಜರ್ಮನಿಯ ಬಿ.ಎಂ.ಡಬ್ಲ್ಯೂ. ಕೂಡ 1928ರಲ್ಲಿ ಡಿಕ್ಸಿ ಕಾರ್ಖಾನೆಯನ್ನು ಕೊಂಡು ಕಾರು ತಯಾರಿಕೆಗೆ ಕಾಲಿಟ್ಟಿತು. ಆ ಕಾರ್ಖಾನೆ ತಯಾರಿಸುತ್ತಿದ್ದುದು ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಕಾರನ್ನು, ಲೈಸೆನ್ಸ್ ಮೇಲೆ.

ಈ ಪೈಕಿ ಅತ್ಯಂತ ಪಾಠ ಕಲಿಸುವ ಕಥೆ ಸ್ವೀಡನ್ನಿನ ಸಾಬ್ ಮತ್ತು ಇಂಗ್ಲೆಂಡಿನ ಟ್ರಯಂಫ್ ಕಂಪನಿಗಳದು. ಸಾಬ್ ಮೂಲತಃ ವಿಮಾನ ತಯಾರಿಸುವ ಕಂಪನಿ. ಅದರ ಮೊದಲ ಕಾರುಗಳಿಗೆ ಇದ್ದುದು ಟೂ ಸ್ಟ್ರೋಕ್ ಎಂಜಿನ್. 1960ರ ದಶಕದಲ್ಲಿ ದೊಡ್ಡ ಕಾರಿಗಾಗಿ ಫೋರ್ ಸ್ಟ್ರೋಕ್ ಎಂಜಿನ್ ಬೇಕಾದಾಗ ಅದು ಇಂಗ್ಲೆಂಡಿನ ರಿಕಾರ್ಡೊ ಎಂಬ ಎಂಜಿನ್ ಸಲಹಾ ಸಂಸ್ಥೆಯ ನೆರವು ಕೇಳಿತು. ಅದೇ ಸಂಸ್ಥೆ ಟ್ರಯಂಫ್‌ಗೂ ಸಲಹೆ ನೀಡುತ್ತಿತ್ತು. ಇಬ್ಬರ ಅಗತ್ಯವೂ ಹೆಚ್ಚು ಕಡಿಮೆ ಒಂದೇ ಆಗಿದ್ದುದರಿಂದ ಒಪ್ಪಂದ ಕುದುರಿತು. ಹೀಗೆ 45 ಡಿಗ್ರಿ ಓರೆಯಾಗಿ ಕೂರುವ, ನಾಲ್ಕು ಸಿಲಿಂಡರಿನ, 1709 ಸಿ.ಸಿ.ಯ ಟ್ರಯಂಫ್ ಎಂಜಿನ್ 1967ರಲ್ಲಿ ಅನಾವರಣಗೊಂಡ ಸಾಬ್ 99 ಕಾರಿನೊಳಗೆ ಬಂದಿತು. ಎಂಜಿನ್ ಟ್ರಯಂಫ್‌ನದಾದರೂ ಅದನ್ನು ಮೊದಲು ರಸ್ತೆಗಿಳಿಸಿದ್ದು ಸಾಬ್ ಎಂಬುದು ಗಮನಾರ್ಹ.

ಮುಂದೆ ದಾರಿಗಳು ಕವಲೊಡೆದವು. ಸಾಬ್ ಎಂಜಿನ್‌ನ ಕುಂದುಕೊರತೆಗಳನ್ನು ಅಭ್ಯಾಸ ಮಾಡಿ, ಮರುವಿನ್ಯಾಸಗೊಳಿಸಿ, 1972ರಲ್ಲಿ ಎರಡು ಲೀಟರಿನ ತನ್ನದೇ ಎಂಜಿನ್ ತಯಾರಿಸತೊಡಗಿತು. 1977ರಲ್ಲಿ ಅದಕ್ಕೆ ಟರ್ಬೊ ಅಳವಡಿಸಿ ಹೆಸರು ಗಳಿಸಿತು. ಆ ವಂಶದ ಎಂಜಿನ್‌ಗಳು 1990ರ ದಶಕವನ್ನೂ ದಾಟಿ ಬಾಳಿದವು.

ಟ್ರಯಂಫ್‌ನಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. 1973ರ ಡಾಲಮೈಟ್ ಸ್ಪ್ರಿಂಟ್ ಕಾರಿಗೆ ಅದು ಒಂದೇ ಕ್ಯಾಮ್‌ಶಾಫ್ಟಿನಿಂದ 16 ವಾಲ್ವ್‌ಗಳನ್ನು ನಡೆಸುವ ಜಾಣ್ಮೆಯ ಎಂಜಿನ್ ಕೊಟ್ಟಿತು. ಆದರೆ 1970ರಲ್ಲಿ ಬಂದ ಸ್ಟ್ಯಾಗ್ ಕಾರಿನ ಕಥೆ ಬೇರೆ. ಇದೇ ಕುಟುಂಬದ 2997 ಸಿ.ಸಿ. ವಿ-8 ಎಂಜಿನ್‌ನಲ್ಲಿ ವಾಟರ್ ಪಂಪ್ ಎತ್ತರದಲ್ಲಿತ್ತು. ನೀರು ಸ್ವಲ್ಪ ಇಳಿದರೂ ಅದರ ಹರಿವು ಕೆಡುತ್ತಿತ್ತು. ಎರಕದ ಮರಳು ಬ್ಲಾಕಿನೊಳಗೆ ಉಳಿದು ನೀರಿನ ದಾರಿ ಕಟ್ಟಿಕೊಂಡದ್ದೂ ಉಂಟು. ಎಂಜಿನ್ ಕಾದು ಅಲ್ಯೂಮಿನಿಯಂ ಹೆಡ್‌ಗಳು ಸೊಟ್ಟಗಾದವು, ಕಾರಿನ ಹೆಸರೂ ಕೆಟ್ಟಿತು. 1977ರಲ್ಲಿ ಅದರ ತಯಾರಿಕೆಯೇ ನಿಂತಿತು. 1984ರಲ್ಲಿ ಟ್ರಯಂಫ್ ಹೆಸರಿನ ಕಾರುಗಳೂ ಮುಗಿದವು.

ಸಾಬ್ ಕೂಡ ಚಿರಂಜೀವಿಯಾಗಲಿಲ್ಲ. ಅದರ ಕಾರು ಕಂಪನಿ 2011ರಲ್ಲಿ ದಿವಾಳಿಯಾಯಿತು. ಆದರೂ ಆ ಎಂಜಿನ್‌ನ ಮಟ್ಟಿಗೆ ಇತಿಹಾಸದ ತೀರ್ಪು ಸ್ಪಷ್ಟವಾಗಿದೆ.

ವಿದ್ಯಾರ್ಥಿ ಮಿತ್ರರೇ, ಬೇರೆಯವರಿಂದ ಪಡೆಯುವುದು ಅವಮಾನವಲ್ಲ. ವಿದ್ಯೆಯೂ ಹಾಗೆಯೇ ಕೈಯಿಂದ ಕೈಗೆ ಬಂದದ್ದು. ಒಂದೇ ತರಗತಿ, ಒಂದೇ ಪುಸ್ತಕ, ಒಂದೇ ಶಿಕ್ಷಕರಿಂದ ಕಲಿತವರಲ್ಲೂ ಫಲ ಬೇರೆಬೇರೆಯಾಗುತ್ತದೆ. ಪಡೆದದ್ದನ್ನು ಪರೀಕ್ಷಿಸಿ, ತಪ್ಪನ್ನು ಹುಡುಕಿ, ತಿದ್ದಿ ಬೆಳೆಸುವವನಿಗೇ ಅದು ಕೊನೆಗೆ ಸ್ವಂತದ್ದಾಗುತ್ತದೆ.